ಎಲ್ಲಾರೂ ‘ಭಾಳ ಚಲೋ ಐತಿ’ ಅಂತಾರ್ರೀ, ಆ್ಯಪ್ ಮಾತ್ರ ಯಾರೂ ತೆರ್ಯಾಂಗಿಲ್ಲ

ಪ್ರಶ್ನೆ: ನಮಸ್ಕಾರ್ರೀ ಸರ್. ನಂದು ಹಾವೇರಿ ಕಡೆ, ಇಂಜಿನಿಯರಿಂಗ್ ಮುಗಿಸಿ ಗೆಳ್ಯಾನ ಕೂಡ ಸ್ಟಾರ್ಟಪ್ ಶುರು ಮಾಡೀನಿ. ಬ್ಯಾಡಗಿ ಮಾರ್ಕೆಟ್ಟಿನ ಮೆಣಸಿನಕಾಯಿ ರೇಟು ರೈತರ ಮೊಬೈಲ್‌ನ್ಯಾಗ ತೋರ್ಸೋ ಆ್ಯಪ್. ಮಾಡೂಕಿಂತ ಮೊದ್ಲ 60 ಮಂದಿ ರೈತರಿಗೆ ‘ಇಂಥಾದ್ದು ಬಂದ್ರ ಬಳಸ್ತೀರೇನ್ರಿ’ ಅಂತ ಕೇಳಿದ್ವಿ, ಎಲ್ಲಾರೂ ಹೂಂ ಅಂದ್ರು. ಈಗ ಡೌನ್‌ಲೋಡ್ ಮಾಡ್ಕೊಂಡಾರ, ಎರಡನೇ ಸಲ ಯಾರೂ ತೆರ್ಯಾಂಗಿಲ್ಲ. ಜಾಹೀರಾತಿಗೆ ರೊಕ್ಕಾ ಹಾಕೂದೋ, ಹೊಸಾ ಫೀಚರ್ ಸೇರಸೂದೋ?

ಉತ್ತರ: ಎರಡೂ ಬ್ಯಾಡ, ಸದ್ಯ ರೊಕ್ಕಾ ಕಿಸೇದಾಗ ಇರ್ಲಿ. ನೀವು ಕೇಳಿದ ಪ್ರಶ್ನಿಗೆ ನಮ್ಮ ಮಂದಿ ಇಲ್ಲ ಅನ್ನಾಂಗಿಲ್ರೀ, ಮನಿಗೆ ಬಂದ ಹುಡುಗರ ಮುಂದ ನಿಮ್ಮ ಕೆಲಸ ಉಪಯೋಗಿಲ್ಲ ಅಂತ ಯಾರ್ ಹೇಳ್ತಾರ, ಚಾ ಕುಡಿಸಿ ‘ಮಾಡ್ರಿ ತಮ್ಮಾ, ಚಲೋ ಆಗ್ತದ’ ಅಂತ ಕಳಸ್ತಾರ. ಅದು ಮರ್ಯಾದಿ, ಗರಜು ಅಲ್ಲ.

ನಾನೂ ಇದಕ್ಕ ಬಿದ್ದಾಂವ. ಗದಗದಾಗ ಪ್ರಿಂಟಿಂಗ್ ಪ್ರೆಸ್‌ನೋರಿಗೆ ಅಂತ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿದ್ದೆ, ಹೊಗಳಿದವರು ಭಾಳ, ಕೊಂಡವರು ಇಲ್ಲ. ಕಡೀಕೆ ಒಂದು ಪ್ರೆಸ್‌ನ್ಯಾಗ ಮುಂಜಾನಿಂದ ಸಂಜಿಮಟಾ ಸುಮ್ನ ಕುಂತೆ. ಬಿಲ್ಲು ಬರ್‍ಯಾಕ ಮಾಲಕಗ ಒಂದು ನೋಟ್‌ಬುಕ್ ಸಾಕಾಗಿತ್ತು, ಹತ್ತು ನಿಮಿಷದ ಕೆಲಸ. ಆದ್ರ ಅವತ್ತ ಮಧ್ಯಾಹ್ನ ಒಬ್ಬಾಂವ ಮದುವಿ ಕಾರ್ಡ್ ತಗೊಂಡು ಬಂದು ‘ಬೀಗರ ಹೆಸರು ತಪ್ಪೈತಿ’ ಅಂತ ಜಗಳಕ್ಕ ನಿಂತ. ಪ್ರೂಫ್ ವಾಟ್ಸ್ಆ್ಯಪ್‌ನ್ಯಾಗ ಹೋಗಿತ್ತು, ಅತ್ಲಾಗಿಂದ ಹೆಬ್ಬೆಟ್ಟು ಬಂದಿತ್ತು, ಒತ್ತಿದವರು ಯಾರು ಗೊತ್ತಿಲ್ಲ, ಮತ್ತ ಪ್ರಿಂಟ್ ಹೊಡಿಯೂ ಖರ್ಚು ಮಾಲಕನ ತಲಿಮ್ಯಾಲೆ. ತ್ರಾಸು ಅಲ್ಲಿತ್ರೀ! ನಾ ಕೇಳಿದ್ದು ಬಿಲ್ಲಿನ ಬಗ್ಗೆ, ಅದಕ್ಕ ಅವ್ರು ಹೇಳಿದ್ದೂ ಬಿಲ್ಲಿನ ಬಗ್ಗೇನ.

ಈಗ ನಿಮ್ಮ ಆ್ಯಪ್‌ಗೆ ಬರೂಣು. ಅದು ತೋರ್ಸೂದು ದಿನದ ಹೆಚ್ಚಿನ ರೇಟು, ಕಡಿಮಿ ರೇಟು, ಹೌದಲ್ರಿ? ಬ್ಯಾಡಗಿಯೊಳಗ ಟೆಂಡರ್ ಬೀಳೂದು ಲಾಟಿಗೆ (ಮಾರಾಕ ಇಟ್ಟ ಒಂದೊಂದು ರಾಶಿಗೆ) ಒಂದರಂಗ, ಮೆಣಸಿನಕಾಯಿ ತಳಿಯೊಳಗ ಡಬ್ಬಿ ಬ್ಯಾರೆ, ಕಡ್ಡಿ ಬ್ಯಾರೆ, ಅದ್ರಾಗ ಬಣ್ಣ ಹೆಂಗೈತಿ, ತ್ಯಾವ ಎಷ್ಟೈತಿ ಅಂತ ಒಂದ ಅಂಗಡಿಯೊಳಗ ಬಾಜೂಕಿನ ಚೀಲಕ್ಕೂ ರೇಟು ಬ್ಯಾರೆ ಆಗ್ತದ. ನಾಕ್ ಚೀಲಕ್ಕ ಬಂದ ಹೆಚ್ಚಿನ ರೇಟು ನೋಡಿ ರೈತ ಏನ್ ಮಾಡ್ಬೇಕು? ‘ನನ್ನ ಕಾಯಿಗೆ ಎಷ್ಟು ಬರ್ತದ, ಈಗ ಮಾರ್ಲೋ, ಕೋಲ್ಡ್ ಸ್ಟೋರೇಜಿಗೆ ಹಾಕ್ಲೋ’ ಅನ್ನೂದು ಅವ್ನ ಚಿಂತಿ ಇರಬಹುದು. ಇರಬಹುದು ಅಂದೆ, ಇದು ನನ್ನ ಅಂದಾಜು, ಹೋಗಿ ನೋಡ್ರಿ.

ಸೋಮವಾರ ಇಲ್ಲಾ ಗುರುವಾರ ಹೋಗ್ರಿ, ಟೆಂಡರ್ ಇರ್ತದ. ಮೊಬೈಲ್ ಹೊರಗ ತಗೀಬ್ಯಾಡ್ರಿ, ಆ್ಯಪ್ ಸುದ್ದೀನ ತಗೀಬ್ಯಾಡ್ರಿ. ಮುಂದ ಏನ್ ಮಾಡ್ತೀರಿ ಅಂತ ಕೇಳೂಕಿಂತ ಹೋದ ಸಲ ಏನ್ ಮಾಡಿದ್ರಿ ಅಂತ ಕೇಳ್ರಿ: ಯಾವತ್ತ ತಂದ್ರಿ, ತರೂ ಮುಂಚೆ ಯಾರಿಗೆ ಫೋನ್ ಹಚ್ಚಿದ್ರಿ, ಬಾಡಿಗಿ ಎಷ್ಟಾತು, ರೇಟು ಮನಸಿಗೆ ಬರಲಿಲ್ಲಂದ್ರ ಏನ್ ಮಾಡಿದ್ರಿ.

ಇನ್ನೊಬ್ಬರ ಪ್ರಶ್ನೆ: ಹಂಗಾರ ಸರ್ವೆ ಮಾಡೂದ ಬ್ಯಾಡೇನ್ರಿ ಸರ್?

ಉತ್ತರ: ತ್ರಾಸು ಯಾವುದು ಅಂತ ಗೊತ್ತಾದ ಮ್ಯಾಲೆ ಎಷ್ಟು ಮಂದಿಗೈತಿ ಅಂತ ಎಣಿಸಾಕ ಸರ್ವೆ ಮಾಡ್ರಿ. ಮಂದಿ ತಮ್ಮ ಮನಿ, ಖೋಲಿ ಪ್ರವಾಸಿಗರಿಗೆ ಬಾಡಿಗಿ ಕೊಡೂ ಏರ್‌ಬಿಎನ್‌ಬಿ ವೆಬ್‌ಸೈಟ್ ಶುರು ಮಾಡಿದ ಹುಡುಗ್ರು 2009ರಾಗ ನ್ಯೂಯಾರ್ಕ್‌ನ್ಯಾಗ ಮನಿ ಮನಿಗೆ ಹೋಗಿ ತಾವ ಕ್ಯಾಮೆರಾ ಹಿಡದು ಫೋಟೊ ತಗದ್ರು. ಫೋಟೊ ಕೆಟ್ಟದ್ದಿದ್ದಕ್ಕ ಬುಕಿಂಗ್ ಬರವಲ್ದು ಅಂತ ಕಣ್ಣಿಟ್ಟು ನೋಡಿದ್ದಕ್ಕ ಗೊತ್ತಾತು, ಫಾರ್ಮ್ ತುಂಬಿಸಿ ಅಲ್ಲ.

ಮೊದಲು ಕೇಳಿದವರು: ಸರ್, ಗುರುವಾರ ಹೋಗಿದ್ದೆ. 11 ಮಂದಿ ಜೋಡಿ ಮಾತಾಡ್ದೆ, ರೇಟು ನೋಡಾಕ ಆ್ಯಪ್ ಬೇಕು ಅಂತ ಒಬ್ರೂ ಅನ್ಲಿಲ್ಲ, ದಲಾಲಿ ಅಂಗಡಿಗೆ ಫೋನ್ ಹಚ್ಚಿ ಕೇಳ್ತಾರಂತ. ಒಬ್ಬ ಅಜ್ಜಾರು ಮಾತ್ರ ಕಿಸೇದಾಗಿಂದ ಸಣ್ಣ ಡೈರಿ ತಗದು ತೋರಿಸಿದ್ರು, ಅವ್ರ ಊರಿನ ಯಾರ್ ಯಾರ ಕಾಯಿ ಯಾವತ್ತ ಎಷ್ಟಕ್ಕ ಹೋತು ಅಂತ ಎಲ್ಲಾ ಬರ್ಕೊಂಡಾರ್ರೀ, ಬಣ್ಣ ಸುದ್ದಾ.

ಉತ್ತರ: ಮತ್ತ ಸೋಮವಾರ ಅವರ ಕಡೇನ ಹೋಗ್ರಿ. ಆ ಡೈರಿ ನೋಡಾಕ ಊರಾಗಿಂದ ಯಾರ್ಯಾರು ಬರ್ತಾರ ಅಂತ ಕೇಳ್ರಿ.