‘ಪಟ್ಟಿ ಕೂತಿದೆ’ ಎಂದರೆ ಸರಿಯಾಗಿದೆ ಎಂದೋ, ಕೆಟ್ಟಿದೆ ಎಂದೋ?

ದಾವಣಗೆರೆಯಲ್ಲಿ ವಾದ್ಯಗಳ ಆಂಪ್ಲಿಫೈಯರುಗಳನ್ನು ರಿಪೇರಿ ಮಾಡುವ ಸಣ್ಣ ಅಂಗಡಿ ನನ್ನದು. ಬಂದ ಪ್ರತಿಯೊಂದು ಸೆಟ್ಟಿನ ದೋಷವನ್ನು ಕನ್ನಡದಲ್ಲಿಯೇ ಪುಸ್ತಕದಲ್ಲಿ ಬರೆದಿಡುವ ರೂಢಿ ನಮ್ಮಲ್ಲಿದೆ. ಒಬ್ಬರು ಬಿಚ್ಚಿದ ಸೆಟ್ಟನ್ನು ಇನ್ನೊಬ್ಬರು ಮುಗಿಸಬೇಕಾಗುವುದರಿಂದ ಆ ಬರಹಕ್ಕೆ ಎರಡು ಅರ್ಥ ಇರಬಾರದು. ಕಳೆದ ತಿಂಗಳು ಇತ್ತು.

ರಸಮಂಜರಿ ತಂಡವೊಂದರ ಹಳೆಯ ಟ್ರಾನ್ಸಿಸ್ಟರ್ ಗಿಟಾರ್ ಆಂಪ್ ಬಂದಿತ್ತು. ನಮ್ಮ ಹುಡುಗ ಅದನ್ನು ಬಿಚ್ಚಿ ನೋಡಿ, ‘ಮೊದಲನೇ ಇನ್‌ಪುಟ್ ಜ್ಯಾಕ್, ಪಟ್ಟಿ ಕುಂತೈತಿ’ ಎಂದು ಬರೆದಿಟ್ಟು ಊರಿಗೆ ಹೋದ. ಸಂಜೆ ಅದನ್ನು ಓದಿದ ನಾನು, ಗಿಟಾರಿನ ವೈರು ಸಿಕ್ಕಿಸುವ ಆ ಜ್ಯಾಕಿನೊಳಗಿನ ಲೋಹದ ಪಟ್ಟಿ ತನ್ನ ಜಾಗದಲ್ಲಿ ಸರಿಯಾಗಿ ಕೂತಿದೆ ಎಂದು ತಿಳಿದು, ಕಿಲುಬನ್ನಷ್ಟೇ ಒರೆಸಿ ಮುಚ್ಚಳ ಹಾಕಿದೆ. ಮೇಜಿನ ಮೇಲೆ ಪರೀಕ್ಷಿಸಿದಾಗ ಸದ್ದು ಚೆನ್ನಾಗಿಯೇ ಬಂತು, ಏಕೆಂದರೆ ಅಲ್ಲಿ ವೈರನ್ನು ಎಳೆದಾಡುವವರು ಯಾರೂ ಇರಲಿಲ್ಲ. ಹರಿಹರದ ಕಾರ್ಯಕ್ರಮದಲ್ಲಿ ಎರಡನೆಯ ಹಾಡಿಗೇ ಗಿಟಾರ್ ನಿಂತುಹೋಯಿತು. ಹುಡುಗ ಬರೆದದ್ದು ಪಟ್ಟಿ ಕೆಟ್ಟಿದೆ ಎಂದು.

ಪದದ ತೊಡಕು ತಿಳಿಯಬೇಕಾದರೆ ಆ ಪಟ್ಟಿಯ ಕೆಲಸ ತಿಳಿದಿರಬೇಕು. ಗಿಟಾರಿನ ಪಿನ್ 6.35 ಮಿಲಿಮೀಟರ್ ದಪ್ಪದ್ದು. ಹತ್ತೊಂಬತ್ತನೆಯ ಶತಮಾನದ ಟೆಲಿಫೋನ್ ಸ್ವಿಚ್‌ಬೋರ್ಡುಗಳಿಂದ ಬಂದ ಅಳತೆ ಅದು. ಪಿನ್ನಿನ ತುದಿಯ ಹಿಂದೆ ಸೊಂಟದಂತಹ ಒಂದು ತಗ್ಗು ಇರುತ್ತದೆ. ಜ್ಯಾಕಿನೊಳಗಿನ ತೆಳು ಲೋಹದ ಪಟ್ಟಿ ಪಿನ್ ಹೊಕ್ಕಾಗ ಹೊರಕ್ಕೆ ಸರಿದು, ಮರುಕ್ಷಣ ತನ್ನ ಬಾಗನ್ನು ಆ ತಗ್ಗಿಗೆ ಒತ್ತಿ ಹಿಡಿಯುತ್ತದೆ. ‘ಟಕ್’ ಎನ್ನುವ ಸದ್ದು ಅದೇ. ಪಿನ್ ತೆಗೆದಾಗ ಪಟ್ಟಿ ಹಿಂದಕ್ಕೆ ಬಂದು ಇನ್ನೊಂದು ಚಿಕ್ಕ ಪಟ್ಟಿಯನ್ನು ಮುಟ್ಟಿ ಇನ್‌ಪುಟ್ಟನ್ನು ಗ್ರೌಂಡಿಗೆ ಸೇರಿಸಿ ಸದ್ದು ಅಡಗಿಸುತ್ತದೆ. ಸಾವಿರಾರು ಸಲ ಹೀಗೆ ಸರಿದ ಪಟ್ಟಿ ಒಂದು ದಿನ ಹಿಂದಕ್ಕೆ ಬರುವುದನ್ನೇ ಬಿಡುತ್ತದೆ. ಆಗ ಪಿನ್ ಹಾಕಿದರೆ ಕರಕರ, ತೆಗೆದರೆ ಗುಂಯ್ ಎನ್ನುವ ಹಮ್.

ಈ ಸ್ಥಿತಿಗೆ ನಮ್ಮ ಕಡೆಯ ಮೆಕ್ಯಾನಿಕ್ಕುಗಳು ‘ಕುಂತೈತಿ’ ಎನ್ನುತ್ತಾರೆ. ಲಾರಿಯ ಸ್ಪ್ರಿಂಗ್ ಕೂರುತ್ತದೆ, ಹೊಸ ಮನೆಯ ಪಾಯ ಕೂರುತ್ತದೆ, ರಾತ್ರಿಯೆಲ್ಲ ಹಾಡಿದವರ ಗಂಟಲು ಕೂರುತ್ತದೆ. ಎದ್ದು ನಿಲ್ಲಬೇಕಾದದ್ದು ನಿಲ್ಲಲಾಗದೆ ಇಳಿದುಹೋಯಿತು ಎಂಬ ಚಿತ್ರ ಇಲ್ಲೆಲ್ಲ ಇದೆ. ಆದರೆ ಅದೇ ಕ್ರಿಯಾಪದ ‘ಪಿನ್ ಚೆನ್ನಾಗಿ ಕೂತಿದೆ’, ‘ಬಾಗಿಲು ಚೌಕಟ್ಟಿಗೆ ಕೂತಿದೆ’ ಎನ್ನುವಾಗ ಹೊಂದಿಕೊಂಡಿತು ಎಂಬ ಮೆಚ್ಚುಗೆಯನ್ನು ಸೂಚಿಸುತ್ತದೆ. ಮಾತಿನಲ್ಲಾದರೆ ದನಿಯಿಂದಲೇ ವ್ಯತ್ಯಾಸ ತಿಳಿದೀತು, ಬರಹದಲ್ಲಿ ತಿಳಿಯದು.

‘ಸವೆದ ಜ್ಯಾಕ್’ ಎಂದು ಬರೆಯಬಹುದಲ್ಲ ಎಂದು ಕೇಳುವವರುಂಟು. ನನಗದು ಒಪ್ಪಿಗೆಯಿಲ್ಲ. ಉಜ್ಜಿ ಉಜ್ಜಿ ಮೈ ಕಳೆದುಕೊಳ್ಳುವುದು ಸವೆತ. ಚಪ್ಪಲಿಯ ಹಿಮ್ಮಡಿ ಸವೆಯುತ್ತದೆ, ನಾಣ್ಯ ಸವಕಲಾಗುತ್ತದೆ. ಪಟ್ಟಿಯ ಲೇಪ ಅಷ್ಟಿಷ್ಟು ಉಜ್ಜಿಹೋದರೂ ಅದರ ಮೈ ಹಾಗೆಯೇ ಇರುತ್ತದೆ, ಹೋದದ್ದು ಬಿಗುವು ಮಾತ್ರ. ‘ಲೂಸ್’ ಎಂಬುದು ಇನ್ನೂ ಅಪಾಯದ ಪದ. ನಟ್ಟು ಸಡಿಲವಾಗಿ ಜ್ಯಾಕೇ ತಿರುಗುತ್ತಿದ್ದರೂ ಲೂಸ್, ಆ ತಿರುಗಾಟದಿಂದ ಬೋರ್ಡಿನ ಬೆಸುಗೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟರೂ ಲೂಸ್, ಪಟ್ಟಿಯ ಹಿಡಿತ ಹೋದರೂ ಲೂಸ್. ಮೊದಲನೆಯದಕ್ಕೆ ಸ್ಪ್ಯಾನರ್ ಸಾಕು. ಎರಡನೆಯದಕ್ಕೆ ನಟ್ಟು ಬಿಗಿಮಾಡಿ ಬೆಸುಗೆಯನ್ನು ಹೊಸದಾಗಿ ಹಾಕಬೇಕು. ಮೂರನೆಯದರಲ್ಲಿ ಪಟ್ಟಿಯನ್ನು ಇಕ್ಕಳದಿಂದ ಒಳಕ್ಕೆ ಬಾಗಿಸಿದರೆ ಕೆಲಕಾಲ ನಡೆಯುತ್ತದೆಯಾದರೂ ದಣಿದ ಲೋಹ ಮತ್ತೆ ಸರಿಯುವುದರಿಂದ ಜ್ಯಾಕನ್ನೇ ಬದಲಿಸುವುದು ಲೇಸು. ಚಿಕಿತ್ಸೆ ಬೇರೆ ಬೇರೆಯಾದಾಗ ಹೆಸರು ಒಂದೇ ಇದ್ದರೆ ಆಗುವ ನಷ್ಟ ಹರಿಹರದಲ್ಲಿ ಕಂಡಿತು.

ಈ ಕಸುಬಿನ ಎಲ್ಲದಕ್ಕೂ ಪದದ ಬರವೇನಿಲ್ಲ. ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗಳಿಗೆ ಕಿಲುಬು ಎಂಬ ಭೇದವನ್ನು ಕನ್ನಡ ಎಂದೋ ಮಾಡಿಟ್ಟಿದೆ. ಹೊಸ ಜ್ಯಾಕಿನ ಕಿವಿಗೂ ವೈರಿನ ತುದಿಗೂ ಬೆಸುಗೆಗೆ ಮುನ್ನ ತೆಳುವಾಗಿ ಸೀಸ ಹಿಡಿಸುವುದಕ್ಕೆ ನಾವು ‘ಕಲಾಯಿ ಹಾಕು’ ಎನ್ನುತ್ತೇವೆ. ಸೀಸ ಎಂದು ನಾವು ಕರೆಯುವ ಆ ಬೆಸುಗೆಲೋಹದಲ್ಲಿ ಹೆಚ್ಚಿನ ಪಾಲು ತವರವೇ. ಹಿತ್ತಾಳೆ ಪಾತ್ರೆಗೆ ಕಲಾಯಿಯವರು ಹಾಕುತ್ತಿದ್ದುದೂ ತವರವನ್ನೇ. ಅವರು ಬಳಸುತ್ತಿದ್ದ ನವಸಾಗರದ ಹರಳಿಗೆ ಕಾದ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಉಜ್ಜಿ ಶುಚಿಮಾಡುವವರು ಈಗಲೂ ಇದ್ದಾರೆ. ಇಷ್ಟು ನಿಖರವಾದ ಪದ ಪಟ್ಟಿಗೂ ಇರಬೇಕೆಂಬುದು ನನ್ನ ಆಸೆ.

ಪಠ್ಯಪುಸ್ತಕದ ‘ಸ್ಥಿತಿಸ್ಥಾಪಕತೆ’ಯನ್ನು ಹುಡುಗರು ಪುಸ್ತಕದಲ್ಲಿ ಬರೆಯುವುದಿಲ್ಲ, ಬರೆಯಬೇಕೆಂದು ನಾನೂ ಹೇಳಲಾರೆ. ಸದ್ಯಕ್ಕೆ ‘ಪಟ್ಟಿ ಸೋತಿದೆ’ ಎಂದು ಬರೆಯಲು ತೊಡಗಿದ್ದೇವೆ. ನಡೆದು ನಡೆದು ಕಾಲು ಸೋತಿತು ಎನ್ನುವಲ್ಲಿ ಕಾಲು ಸವೆದಿರುವುದಿಲ್ಲ, ಕಳಚಿರುವುದೂ ಇಲ್ಲ, ಬಲವಷ್ಟೇ ಕುಂದಿರುತ್ತದೆ. ಪಟ್ಟಿಯ ಸ್ಥಿತಿಯೂ ಅದೇ. ಆದರೂ ನಾವೇ ಕಟ್ಟಿಕೊಂಡ ಪದಕ್ಕಿಂತ ಬಳಕೆಯಲ್ಲಿರುವ ಪದ ಸಿಕ್ಕರೆ ಒಳ್ಳೆಯದು. ಹಾರ್ಮೋನಿಯಂ ರಿಪೇರಿ ಮಾಡುವವರು, ನಾಟಕ ಕಂಪನಿಗಳಲ್ಲಿ ಕಾಲುಪೆಟ್ಟಿಗೆ ನುಡಿಸಿದವರು, ಒತ್ತಿದ ಮನೆ (ಕೀ) ಮೇಲಕ್ಕೆ ಏಳದೆ ಉಳಿದಾಗ ಅದರ ಸ್ಪ್ರಿಂಗಿಗೆ ಏನೆನ್ನುತ್ತಾರೆ? ಚಿತ್ರದುರ್ಗ, ಹೊಳಲ್ಕೆರೆ, ಜಗಳೂರು ಕಡೆಗಳಲ್ಲಿ ‘ಕುಂತೈತಿ’ಗೆ ಬದಲಾಗಿ ಬೇರೆ ಮಾತಿದೆಯೇ? ಬಲ್ಲವರು, ಆ ಮಾತನ್ನು ಯಾವ ಸಂದರ್ಭದಲ್ಲಿ ಕೇಳಿದಿರಿ ಎಂಬುದನ್ನೂ ಸೇರಿಸಿ ತಿಳಿಸಬೇಕಾಗಿ ವಿನಂತಿ.