ಒಗ್ಗು, ತಾಳು, ಕೂಡು: ‘ಕಂಪ್ಯಾಟಿಬಿಲಿಟಿ’ಗೆ ಕನ್ನಡದಲ್ಲಿ ಎಷ್ಟು ಪದ ಬೇಕು?

ಬಲ್ಲವರಿಗೆ ನಮಸ್ಕಾರ.

ಔಷಧ, ರಕ್ತ, ಸಲೈನ್ ಹರಿಯುವ ಕೊಳವೆಗಳ ತುದಿಯಲ್ಲಿ ಪುಟ್ಟ ಕನೆಕ್ಟರುಗಳಿರುತ್ತವೆ. ಅವಕ್ಕೆ ಯಾವ ಪ್ಲಾಸ್ಟಿಕ್ ಆರಿಸಬೇಕು ಎಂಬ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ಇವನ್ನು ತಯಾರಿಸುವ, ಪರೀಕ್ಷಿಸುವ ತಂತ್ರಜ್ಞರು. ಕನೆಕ್ಟರನ್ನು ಕನೆಕ್ಟರ್ ಎಂದೇ ಉಳಿಸಿಕೊಂಡಿದ್ದೇನೆ. ‘ಸಂಯೋಜಕ’ ಎಂದರೆ ಕಾರ್ಯಕ್ರಮ ನಡೆಸಿಕೊಡುವವರು ಕಣ್ಣ ಮುಂದೆ ಬರುತ್ತಾರೆ. ಒಳಗೆ ಹೋಗುವ ತುದಿಗೆ ಗಂಡು, ಅದನ್ನು ಒಳಗೊಳ್ಳುವ ತುದಿಗೆ ಹೆಣ್ಣು ಎಂದಿಟ್ಟರೆ ಯಾರಿಗೂ ವಿವರಿಸಬೇಕಾಗಿಲ್ಲ. ನಾನು ಎಡವಿದ್ದು ‘ಕಂಪ್ಯಾಟಿಬಿಲಿಟಿ’ಯಲ್ಲಿ.

ಮೊದಲ ಕರಡಿನಲ್ಲಿ ಎಲ್ಲ ಕಡೆ ‘ಹೊಂದಾಣಿಕೆ’ ಎಂದೇ ಬರೆದಿದ್ದೆ. ಕರಡು ಓದಿದ ತಂತ್ರಜ್ಞರೊಬ್ಬರು ‘ಪಾಲಿಕಾರ್ಬೊನೇಟ್ ಆಲ್ಕೊಹಾಲಿಗೆ ಹೊಂದುವುದಿಲ್ಲ’ (ಪಾಲಿಕಾರ್ಬೊನೇಟ್ ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಎಂಬ ವಾಕ್ಯದ ಪಕ್ಕದಲ್ಲಿ ‘ಯಾವ ಅಳತೆಯದ್ದು?’ ಎಂದು ಗೀಚಿ ಕಳುಹಿಸಿದರು. ಅವರನ್ನು ದೂರುವಂತಿಲ್ಲ. ಮುಚ್ಚಳ ಡಬ್ಬಿಗೆ ಹೊಂದುತ್ತದೆ, ಬೀಗದ ಕೈ ಬೀಗಕ್ಕೆ ಹೊಂದುತ್ತದೆ. ತಿರುಪು, ಅಳತೆಗಳ ನಡುವೆಯೇ ಇರುವವರಿಗೆ ‘ಹೊಂದು’ ಎಂದರೆ ಮೊದಲು ಹೊಳೆಯುವುದು ಅದೇ.

ಆ ವಾಕ್ಯದಲ್ಲಿ ಹೇಳಬೇಕಾಗಿದ್ದದ್ದು ಬೇರೆ. ಪಾಲಿಕಾರ್ಬೊನೇಟಿನ ಹೆಣ್ಣು ತುದಿಯೊಂದಕ್ಕೆ ಲೂಯರ್ ಮಾದರಿಯ (ಸಿರಿಂಜಿನ ತುದಿಯಲ್ಲಿರುವಂಥ) ಗಂಡು ತುದಿಯನ್ನು ತಿರುಗಿಸಿ ಬಿಗಿ ಮಾಡಿದ್ದೀರಿ ಎನ್ನಿ. ಗಂಡು ತುದಿಯ ವ್ಯಾಸ ಶೇ. 6ರ ಲೆಕ್ಕದಲ್ಲಿ ಕಿರಿದಾಗುತ್ತ ಹೋಗಿರುತ್ತದೆ. ಆದ್ದರಿಂದ ಅದು ಬೆಣೆಯ ಹಾಗೆ ಹೆಣ್ಣು ತುದಿಯನ್ನು ಒಳಗಿನಿಂದ ಅಗಲಿಸುತ್ತಲೇ ಇರುತ್ತದೆ. ಬರೀ ಇಷ್ಟಾದರೆ ಪಾಲಿಕಾರ್ಬೊನೇಟ್ ಸಹಿಸಿಕೊಳ್ಳುತ್ತದೆ. ಬರೀ ಆಲ್ಕೊಹಾಲ್ ಸವರಿ ಒರೆಸಿದರೂ ಅಷ್ಟಾಗಿ ಕೆಡುವುದಿಲ್ಲ. ಎರಡೂ ಒಟ್ಟಿಗೆ ಸೇರಿದಾಗ ಕೆಲಸ ಕೆಡುತ್ತದೆ. ತುದಿಯನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಹೊರಳಿಸಿದರೆ, ಬಾಯಂಚಿನಿಂದ ಉದ್ದಕ್ಕೆ ಇಳಿದ ಕೂದಲೆಳೆಯಂಥ ಬಿರುಕಿನ ಗೆರೆಗಳು ಒಂದು ಕೋನದಲ್ಲಿ ಬೆಳ್ಳಿಯಂತೆ ಮಿನುಗಿ, ಮರುಕ್ಷಣ ಕಾಣದಾಗುತ್ತವೆ. ರಕ್ತನಾಳದ ಮೂಲಕ ಕೊಡುವ ಕೊಬ್ಬಿನ ಪೋಷಕ ದ್ರವವೂ ಹೀಗೆಯೇ ಮಾಡಬಲ್ಲದು. ಇಲ್ಲಿ ನನಗೆ ‘ತಾಳು’ ಸರಿ ಎನಿಸುತ್ತದೆ: ‘ಬಿಗಿ ಮಾಡಿದ ಪಾಲಿಕಾರ್ಬೊನೇಟ್ ಆಲ್ಕೊಹಾಲನ್ನು ತಾಳುವುದಿಲ್ಲ.’

ಇನ್ನು ದೇಹದ ಮಾತು. ಐಎಸ್ಒ 10993 ಎಂಬ ಅಂತರರಾಷ್ಟ್ರೀಯ ಮಾನದಂಡ ಸರಣಿಯ ಪರೀಕ್ಷೆಗಳು ನೋಡುವುದು, ಈ ವಸ್ತು ದೇಹಕ್ಕೆ ತೊಂದರೆ ಕೊಡುತ್ತದೆಯೇ ಎಂಬುದನ್ನು. ‘ಜೈವಿಕ ಹೊಂದಾಣಿಕೆ’ ಎಂಬ ಪದ ಚಲಾವಣೆಯಲ್ಲಿದೆ, ನಿಜ. ಆದರೆ ‘ಈ ಔಷಧ ನನ್ನ ಮೈಗೆ ಒಗ್ಗುವುದಿಲ್ಲ’ ಎಂದು ದಿನವೂ ಆಡುವ ನಮಗೆ ‘ಒಗ್ಗು’ ಇರುವಾಗ ಅಷ್ಟು ದೂರ ಹೋಗಬೇಕೇ?

ವಿಭಕ್ತಿಗಳನ್ನು ಗಮನಿಸಿ. ‘ಪ್ಲಾಸ್ಟಿಕ್ ಆಲ್ಕೊಹಾಲನ್ನು ತಾಳುತ್ತದೆ’ ಎಂದಾಗ ಪೆಟ್ಟು ತಿನ್ನುವುದು ಪ್ಲಾಸ್ಟಿಕ್. ‘ಪ್ಲಾಸ್ಟಿಕ್ ಮೈಗೆ ಒಗ್ಗುತ್ತದೆ’ ಎಂದಾಗ ತೀರ್ಪು ಮೈಯದು. ಪಿವಿಸಿ ಕೊಳವೆಯನ್ನು ಮೆತ್ತಗಾಗಿಸಲು ಬೆರೆಸುವ ಡಿಇಎಚ್‌ಪಿ ಎಂಬ ರಾಸಾಯನಿಕವನ್ನು ಕೊಬ್ಬಿನಂಶವಿರುವ ದ್ರವ ತನ್ನೊಳಕ್ಕೆ ಸೆಳೆದುಕೊಳ್ಳುತ್ತದೆ. ಕೊಳವೆ ಬಿರಿಯುವುದಿಲ್ಲ, ಸೋರುವುದಿಲ್ಲ. ಕೆಡುವುದು ಒಳಗಿನ ದ್ರವ. ಅಂದರೆ ಅಲ್ಲಿ ಪಿವಿಸಿ ದ್ರವವನ್ನು ತಾಳುತ್ತದೆ, ಆದರೆ ದ್ರವಕ್ಕೆ ಒಗ್ಗುವುದಿಲ್ಲ. ಇಂಗ್ಲಿಷಿನ ಒಂದೇ ಪದದಡಿ ಅಡಗಿದ್ದ ಈ ಅಂತರ ನಮ್ಮ ಎರಡು ಕ್ರಿಯಾಪದಗಳಲ್ಲಿ ತಾನಾಗಿ ಬಿಚ್ಚಿಕೊಂಡಿತು. ಅಂದು ಸಂಜೆಯೆಲ್ಲ ಖುಷಿಯಲ್ಲಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ. (ಹೀಗೆ ವಸ್ತುವಿನಿಂದ ಅಂಶಗಳು ದ್ರವಕ್ಕೆ ಇಳಿಯುವುದಕ್ಕೆ ಬಟ್ಟೆ ಬಣ್ಣ ಬಿಡುವ ‘ಬಿಡು’ವನ್ನೇ ಬಳಸಿದ್ದೇನೆ. ‘ಸೋರಿಕೆ’ ಬಿರುಕಿನಿಂದ ತೊಟ್ಟಿಕ್ಕುವುದಕ್ಕೆ ಬೇಕು.)

ಮೂರನೆಯದು ಅಳತೆಯ ಹೊಂದಿಕೆ. ಇದಕ್ಕೆ ‘ಕೂಡು’ ಎಂದುಕೊಂಡಿದ್ದೆ, ಅಲ್ಲೇ ಸಿಕ್ಕಿಬಿದ್ದೆ. ಆಹಾರ ಕೊಡುವ ಕೊಳವೆಯನ್ನು ಯಾರೂ ಕೈತಪ್ಪಿ ರಕ್ತನಾಳದ ಕೊಳವೆಗೆ ಸಿಕ್ಕಿಸದಂತೆ ಎರಡಕ್ಕೂ ಬೇರೆ ಬೇರೆ ವಿನ್ಯಾಸವಿರಬೇಕು ಎನ್ನುವುದು ಐಎಸ್ಒ 80369 ಸರಣಿ. ಆ ಸರಣಿಯ ಸಾಮಾನ್ಯ ನಿಯಮದಲ್ಲಿ ಪ್ಲಾಸ್ಟಿಕ್ಕಿನ ಬಿಗಿತಕ್ಕೂ ಒಂದು ಮಿತಿಯಿದೆ: ಸ್ಥಿತಿಸ್ಥಾಪಕ ಗುಣಾಂಕ 700 ಮೆಗಾಪ್ಯಾಸ್ಕಲ್‌ಗಿಂತ ಹೆಚ್ಚಿರಬೇಕು. ತೀರಾ ಮೆತ್ತಗಿದ್ದರೆ ಅಳತೆ ಬೇರೆಯಾದರೂ ಒತ್ತಿ ತುರುಕಬಹುದಲ್ಲ! ಹಾಗಾಗಿ ‘ಈ ತುದಿ ಆ ತುದಿಗೆ ಕೂಡದು’ ಎಂದು ಬರೆದೆ. ಸೇರುವುದಿಲ್ಲ ಎಂಬ ಅರ್ಥವೂ ಬಂತು, ಸೇರಿಸಬಾರದು ಎಂಬ ಅರ್ಥವೂ ಬಂತು. ಇಲ್ಲಿ ಎರಡೂ ನಿಜವಾದ್ದರಿಂದ ಬಚಾವಾದೆ. ಆದರೆ ಅಳತೆ ಸರಿಯಿದ್ದು ಸುಲಭವಾಗಿ ಸೇರುವ, ಆದರೂ ಸೇರಿಸಬಾರದ ಎರಡು ತುದಿಗಳ ಬಗ್ಗೆ ಇದೇ ಮಾತು ಬಂದರೆ? ಓದುಗ ‘ಹೇಗೂ ಸೇರುವುದಿಲ್ಲವಂತೆ’ ಎಂದು ನಿಶ್ಚಿಂತನಾದರೆ ಅಪಾಯ. ಸದ್ಯಕ್ಕೆ ‘ಸೇರುವುದಿಲ್ಲ’, ‘ಸೇರಿಸಬಾರದು’ ಎಂದು ಬಿಡಿಸಿ ಬರೆದು ‘ಕೂಡದು’ವನ್ನು ಕೈಬಿಟ್ಟಿದ್ದೇನೆ, ಮನಸ್ಸಿಲ್ಲದ ಮನಸ್ಸಿನಿಂದ.

ಕ್ರಿಮಿಶುದ್ಧಿಗೆ ಬಳಸುವ ಗಾಮಾ ವಿಕಿರಣದ ಅಧ್ಯಾಯದಲ್ಲಿ ಹೆಚ್ಚು ತೊಂದರೆಯಾಗಲಿಲ್ಲ. ವಿಕಿರಣ ತಾಳುವಂತೆ ವಿಶೇಷ ಸೇರ್ಪಡೆಗಳಿಲ್ಲದ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಕ್ರಿಮಿಶುದ್ಧಿಯ ದಿನ ಚೆನ್ನಾಗಿಯೇ ಇದ್ದು, ಆಮೇಲೆ ದಾಸ್ತಾನಿನಲ್ಲಿ ಕುಳಿತಲ್ಲೇ ಪೆಡಸಾಗುತ್ತ ಹೋಗುತ್ತದೆ. ‘ಭಿದುರ’ಕ್ಕಿಂತ ‘ಪೆಡಸು’ ಬೇಗ ಅರ್ಥವಾಗುತ್ತದೆ ಎಂದು ಅದನ್ನೇ ಇಟ್ಟೆ.

ಈಗ ಕೇಳಬೇಕಾದದ್ದು. ಕೈಪಿಡಿಯ ಕೊನೆಯಲ್ಲೊಂದು ಕೋಷ್ಟಕವಿದೆ, ಅದರ ತಲೆಬರಹಗಳಿಗೆ ನಾಮಪದಗಳು ಬೇಕು. ‘ತಾಳಿಕೆ’ ಸರಿ, ಆದರೆ ‘ಬಾಳಿಕೆ’ಯ ಜೊತೆ ಗಲಿಬಿಲಿಯಾದೀತೇ? ‘ಒಗ್ಗಿಕೆ’ ಎಂದು ಬರೆದರೆ ನೀವು ಒಪ್ಪುತ್ತೀರಾ, ‘ಒಗ್ಗುವಿಕೆ’ಯೇ ಆಗಬೇಕೇ?

ಇನ್ನೊಂದು, ಮೇಲೆ ಹೇಳಿದ ಬೆಳ್ಳಿಗೆರೆಗಳ ಹೆಸರು. ಕೈಪಿಡಿಯಲ್ಲಿ ಅದು ‘ಸ್ಟ್ರೆಸ್ ಕ್ರ್ಯಾಕಿಂಗ್’. ‘ಒತ್ತಡದ ಬಿರುಕು’ ಎಂದರೆ ಒಳಗಿನ ದ್ರವದ ಒತ್ತಡದಿಂದ ಒಡೆದಂತೆ ಕೇಳಿಸುತ್ತದೆ. ದ್ರವವೇ ಇಲ್ಲದ ಖಾಲಿ ಕನೆಕ್ಟರಿನಲ್ಲೂ ಇದು ಆಗುತ್ತದೆ. ‘ಪೀಡನ’ ಎಂದರೆ ಪ್ಲಾಸ್ಟಿಕ್ಕಿಗೆ ಯಾರೋ ಕಿರುಕುಳ ಕೊಟ್ಟಂತಿದೆ. ನಾನು ‘ಬಿಗುವಿನ ಬಿರುಕು’ ಎಂದು ಬರೆದಿಟ್ಟುಕೊಂಡಿದ್ದೇನೆ. ಅಚ್ಚಿನಿಂದ ಹೊರಬಂದಾಗಲೇ ಪ್ಲಾಸ್ಟಿಕ್ಕಿನೊಳಗೆ ಉಳಿದುಬಿಟ್ಟ ಸೆಳೆತಕ್ಕೂ, ಆಮೇಲೆ ತಿರುಗಿಸಿ ಬಿಗಿದದ್ದಕ್ಕೂ ‘ಬಿಗುವು’ ಸಲ್ಲುತ್ತದೆಯೇ? ಎಂಜಿನಿಯರಿಂಗ್ ಪಾಠ ಹೇಳುವವರು, ಯಂತ್ರಗಳ ಜೊತೆ ಕೆಲಸ ಮಾಡುವವರು ಇದ್ದರೆ ನೀವು ಬಾಯಲ್ಲಿ ಏನು ಹೇಳುತ್ತೀರಿ ಎಂಬುದನ್ನೇ ತಿಳಿಸಿ.