ಅಪ್‌ಡೇಟ್: ಮೊದಲ ವಾಚ್ ಮನೆಯಲ್ಲೇ ಇತ್ತು!

ಐದು ಸಾವಿರದೊಳಗೆ ವಾಚ್ ಸಂಗ್ರಹ ಹೇಗೆ ಶುರು ಮಾಡಲಿ ಅಂತ ಕೇಳಿದ್ದೆನಲ್ಲ, ಹೆಚ್ಚಿನವರು ಎಚ್‌ಎಂಟಿ ಅಂದಿರಿ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಲ್ಲಿ ಶುರುವಾದ ನಮ್ಮದೇ ವಾಚು, ಸರಿ ಅಂದುಕೊಂಡೆ.

ಆನ್‌ಲೈನಲ್ಲಿ ತರಿಸಿದ ಎಚ್‌ಎಂಟಿಯ ‘ಪೈಲಟ್’ ಮಾಡೆಲ್ ಕೈಕೊಟ್ಟಿತು. ಡಯಲ್‌ಗೆ ಹೊಸ ಬಣ್ಣ ಬಳಿದಿದ್ದರು, ಅಕ್ಷರಗಳೆಲ್ಲ ಸೊಟ್ಟ. ವಾಪಸ್ ಕಳಿಸಿದೆ.

ಇದನ್ನು ಕೇಳಿ ಅಮ್ಮ ಬೀರುವಿನಿಂದ ತಾತನ ಎಚ್‌ಎಂಟಿ ‘ಜನತಾ’ ವಾಚ್ ತೆಗೆದುಕೊಟ್ಟರು. 17 ಜ್ಯುಯೆಲ್ (ಒಳಗಿನ ಭಾಗಗಳು ಸವೆಯದಂತೆ ಕೂರಿಸಿದ ಪುಟ್ಟ ಹರಳುಗಳು), ಕೀ ಕೊಡುವಂಥದ್ದು. ಇಷ್ಟು ದಿನ ಸುಮ್ನೆ ಹುಡುಕಾಡಿದೆ! ಮೈಸೂರಿನ ಅರಸು ರಸ್ತೆ ಹತ್ತಿರ ಒಬ್ಬ ರಿಪೇರಿಯವರು ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಹಾಕಿ 600 ರೂಪಾಯಿ ತೆಗೆದುಕೊಂಡರು. ‘ಬಿಗಿಯಾದ ತಕ್ಷಣ ಕೀ ನಿಲ್ಲಿಸಿ, ಜಾಸ್ತಿ ತಿರುಗಿಸಬೇಡಿ’ ಅಂದರು.

ದಿನಕ್ಕೆ ಒಂದು ನಿಮಿಷ ಮುಂದೆ ಓಡುತ್ತದೆ. ಓಡಲಿ ಬಿಡಿ, ಆಫೀಸಿಗಾದರೂ ಬೇಗ ಹೋಗುತ್ತೇನೆ. ಮುಂದಿನದು ಎಚ್‌ಎಂಟಿಯದೇ ಆಟೊಮ್ಯಾಟಿಕ್ ‘ಕಾಂಚನ್’, ಕೈ ಅಲುಗಾಟಕ್ಕೇ ಕೀ ತುಂಬಿಕೊಳ್ಳುವಂಥದ್ದು. ಈ ಸಲ ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳುತ್ತೇನೆ.